ಶನಿವಾರದ ಕೋಳಿಸಾರು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಕೋಲಾರದ ಠಾಣೆಗೆ ಬಂದ ವೇಮಗಲ್‌ನ ಭಾರತಮ್ಮನ ದೂರು ಕೇಳಿ ಹೆಡ್ ಕಾನ್ಸ್‌ಟೇಬಲ್ ಅಮರನಾಥ್‌ಗೆ ನಗು ತಡೆಯಲಾಗಲಿಲ್ಲ.

“ಮಗ ಕೋಳಿಸಾರು ಕೇಳ್ದ ಅಂತ ಕಂಪ್ಲೇಂಟಾ ತಾಯಿ? ನಮ್ಮನೇಲಿ ದಿನಾ ಕೇಳ್ತಾರೆ.”

“ಶನಿವಾರ ಕೇಳ್ದ ಸ್ವಾಮಿ. ಅವತ್ತು ತಿಮ್ಮಪ್ಪನ ವಾರ. ಹುಟ್ಟಿದಾಗಿಂದ ಗೋಪಿ ಅವತ್ತು ಮೊಟ್ಟೆನೂ ಮುಟ್ಟಿದೋನಲ್ಲ. ಹಾಸ್ಟೆಲ್‌ಗೆ ತಗೊಂಡೋಗ್ಲೇಬೇಕು ಅಂತ ಅತ್ತ. ನಾನು ಮಾಡ್ಲಿಲ್ಲ. ಇವತ್ತು ಕಾಲೇಜೇ ಬೇಡ ಅಂತ ಕೂತವ್ನೆ.”

ಇನ್ಸ್‌ಪೆಕ್ಟರ್ ಶೋಭಾರಾಣಿ ಪೆನ್ನು ಕೆಳಗಿಟ್ಟರು. ಠಾಣೆಗೆ ಬಂದು ಅಳುವ ತಾಯಂದಿರನ್ನು ಅವರು ಬೇಕಾದಷ್ಟು ನೋಡಿದ್ದರು. ಅಳುವುದಕ್ಕೆ ಮೊದಲೇ ಗಮನಿಸಿದವರು ಅಪರೂಪ.

“ಇನ್ನೇನು ಬದಲಾಗಿದೆ?”

“ಅವರಪ್ಪ ಕೆಮ್ಮಿದ್ರೂ ಎದ್ದು ನಿಂತ್ಕೊತಾನೆ. ಮುಖ ನೋಡಲ್ಲ, ಅಂಗಿ ಗುಂಡಿ ನೋಡ್ಕೊಂಡು ಮಾತಾಡ್ತಾನೆ. ಸೊರಗವ್ನೆ, ಆದ್ರೆ ದೊಡ್ಡ ಡಬ್ಬಿ ಕೊಡು ಅಂತಾನೆ. ಹಾಸ್ಟೆಲ್ ಅಣ್ಣಂದಿರಿಗೂ ಹಂಚಪ್ಪ ಅಂತ ನಾನೇ ಹಿಗ್ಗಿ ಹಿಗ್ಗಿ ಕಟ್ಟಿಕೊಟ್ಟೆ.”

“ಡಬ್ಬಿ ವಾಪಸ್ ಬಂತಾ?”

“ಒಂದೂ ಬರ್ಲಿಲ್ಲ.”

ಅಮರನಾಥ್‌ನ ನಗು ಎಲ್ಲಿಗೋ ಓಡಿಹೋಗಿತ್ತು. ಮಧ್ಯಾಹ್ನ ಶೋಭಾರಾಣಿ ಮಫ್ತಿಯಲ್ಲಿ ವೇಮಗಲ್‌ಗೆ ಹೋದರು. ಅವರನ್ನು ಕಂಡದ್ದೇ ಗೋಪಿ ದಡಕ್ಕನೆ ಎದ್ದ. ಚಡ್ಡಿಯ ಕೆಳಗೆ ಮಂಡಿಗಳು ತರಚಿದ್ದವು.

“ಮಂಡಿಗೆ ಏನಾಗಿದೆ?”

“ಬಿದ್ದೆ ಮೇಡಂ.”

“ಎರಡೂ ಮಂಡಿ ಮೇಲೆ, ಒಂದೇ ಥರ?”

ಗೋಪಿಯ ಕಣ್ಣು ತನ್ನ ಅಂಗಿ ಗುಂಡಿಗೆ ಇಳಿಯಿತು. ತಂದೆ ಶ್ರೀರಾಮಪ್ಪನಿಗೆ ರೇಗಿತು. “ಗಂಡಸಲ್ವೇನ್ಲಾ? ತಿರುಗಿಸಿ ಎರಡು ಬಿಡೋದಲ್ವಾ?”

ಶೋಭಾರಾಣಿ ಆತನನ್ನು ಹೊರಗೆ ಕರೆದರು. “ಹಂಗಂದ್ರೆ ಬಾಯಿ ಪೂರ್ತಿ ಮುಚ್ಕೋತಾನೆ ಯಜಮಾನ್ರೇ. ತಪ್ಪು ನಿಂದಲ್ಲ ಅಂತ ಒಂದೇ ಮಾತು ಹೇಳಿ, ಆಮೇಲೆ ಸುಮ್ನೆ ಪಕ್ಕದಲ್ಲಿ ಕೂತಿರಿ.”

ಸುಮ್ಮನೆ ಕೂರುವುದು ಶ್ರೀರಾಮಪ್ಪನ ಜಾಯಮಾನವಲ್ಲ. ಆದರೂ ಅಷ್ಟು ಮಾತು ಹೇಳಿ, ಮಗನ ಪಕ್ಕ ಕುಳಿತು ಹಿಪ್ಪುನೇರಳೆ ಸೊಪ್ಪು ಬಿಡಿಸತೊಡಗಿದ. ಗೋಪಿಯೂ ಕೈಹಾಕಿದ. ಬುಟ್ಟಿ ತುಂಬುವ ಹೊತ್ತಿಗೆ ಬಾಯಿ ಬಿಟ್ಟ.

“ಫೈನಲ್ ಇಯರ್ ಕದಿರೇಶಣ್ಣ. ಕೋಳಿಸಾರು ತಾ ಅಂದ. ಶನಿವಾರ ಒಂದಿನ ಬೇಡಣ್ಣ, ನಮಗೆ ಆಗಲ್ಲ ಅಂದೆ. ಹಂಗಾದ್ರೆ ಶನಿವಾರನೇ ತರ್ಬೇಕು, ನಮ್ಮೆದುರಿಗೆ ನೀನೇ ತಿನ್ಬೇಕು ಅಂತ ಜಲ್ಲಿ ಮೇಲೆ ಮಂಡಿ ಊರಿಸಿದ.”

ಭಾರತಮ್ಮ ಸೆರಗು ಬಾಯಿಗೊತ್ತಿಕೊಂಡಳು. ಸಂಜೆ ಕರ್ನಾಟಕ ಶಿಕ್ಷಣ ಕಾಯ್ದೆಯ ರ್ಯಾಗಿಂಗ್ ನಿಷೇಧ ಕಲಮಿನಡಿ ಎಫ್‌ಐಆರ್ ದಾಖಲಾಯಿತು.

ಮಂಗಳವಾರ ಪಂಚರ ಸಮಕ್ಷಮ ಕೋಲಾರದ ಹಾಸ್ಟೆಲ್‌ನಲ್ಲಿ ಕದಿರೇಶನ ಕೋಣೆಯ ಪಂಚನಾಮೆ ನಡೆಯಿತು. ಮಂಚದಡಿಯಿಂದ ಅಮರನಾಥ್ ಸ್ಟೀಲ್ ಡಬ್ಬಿಗಳನ್ನು ಒಂದೊಂದಾಗಿ ಎಳೆದ.

“ಯಾರವು?”

“ನನ್ನವೇ ಮೇಡಂ,” ಎಂದ ಕದಿರೇಶ್.

ಈ ಸೀಮೆಯಲ್ಲಿ ಹೆಸರು ಕೆತ್ತಿಸದೆ ಪಾತ್ರೆಯನ್ನು ಅಂಗಡಿ ದಾಟಿಸುವ ಹೆಂಗಸಿಲ್ಲ. ಪಾಪ, ಸೀನಿಯರ್ ಮಹಾಶಯನಿಗೆ ಅದು ನೆನಪಿರಲಿಲ್ಲ. ಶೋಭಾರಾಣಿ ಗಟ್ಟಿಯಾಗಿ ಓದಿದರು: “ಭಾರತಮ್ಮ. ಆಂಜಿನಮ್ಮ. ಸುನಂದ. ಎಷ್ಟು ಜನ ತಾಯಂದಿರಪ್ಪ ನಿಂಗೆ?”

ಬಾಗಿಲಲ್ಲಿದ್ದ ಹುಡುಗರಲ್ಲಿ ಒಬ್ಬ, “ಆಂಜಿನಮ್ಮ ನಮ್ಮಮ್ಮ ಮೇಡಂ,” ಎಂದ. ಆಮೇಲೆ ಇನ್ನೊಬ್ಬ. ಹೇಳಿಕೆಗಳು ಮುಗಿದ ಮೇಲೆ ಕದಿರೇಶನನ್ನು ದಸ್ತಗಿರಿ ಮಾಡಲಾಯಿತು.

ತಳದಲ್ಲಿದ್ದ ಒಂದು ನೆಗ್ಗಿದ ಡಬ್ಬಿಗೆ ಮಾತ್ರ ವಾರಸುದಾರರಿರಲಿಲ್ಲ. ಅದರ ಮೇಲೆ ‘ಮುನಿಯಲ್ಲಮ್ಮ’ ಎಂದಿತ್ತು. ಸಂಜೆ ಮಾಸ್ತಿಯಿಂದ ಬಂದ ಕದಿರೇಶನ ತಾಯಿ ಮೇಜಿನ ಮೇಲಿದ್ದ ಅದನ್ನು ಕಂಡು ನಿಂತುಬಿಟ್ಟಳು.

“ಇದು ಬಸ್ಸಲ್ಲಿ ಕಳೆದೋಯ್ತು ಅಂದಿದ್ಯಲ್ಲೋ, ಮೊದಲ್ನೇ ವರ್ಷ?”

ಕದಿರೇಶ್ ಅವಳ ಮುಖ ನೋಡಲಿಲ್ಲ. “ಆಗಿನ ಸೀನಿಯರ್ಸ್ ತುಳಿದ್ರಮ್ಮ. ಊಟ ಮಾಡ್ದೆ, ಡಬ್ಬಿ ಕಳೆದೋಯ್ತು ಅಂತ ನಿಂಗೆ ಸುಳ್ಳು ಹೇಳ್ದೆ.”

“ನೀನೂ ಸೊರಗಿದ್ದೆ. ಓದಿ ಓದಿ ಹಂಗಾಗವ್ನೆ ಅಂದ್ಕೊಂಡೆ ಕಣೋ.”

ಹೇಳಿಕೆಗೆ ಸಹಿ ಹಾಕಲು ಬಂದಿದ್ದ ಭಾರತಮ್ಮ ಬೆಂಚಿನಲ್ಲಿ ಸರಿದು ಅವಳಿಗೆ ಜಾಗ ಮಾಡಿದಳು. ಶೋಭಾರಾಣಿಗೆ ಸಂಕಟವಾಯಿತು. ಕೇಸು ಸಡಿಲವಾಗಲಿಲ್ಲ; ಆದರೆ ಆ ಡಬ್ಬಿಯ ಸಂಗತಿಯನ್ನೂ ಅವರು ಬಿಡದೆ ಬರೆಸಿದರು.

ಗೋಪಿ ಕಾಲೇಜಿಗೆ ಮರಳಿದ. ಶನಿವಾರ ಭಾರತಮ್ಮನ ಫೋನ್ ಬಂತು.

“ಮನೆಗೆ ಬಂದವ್ನೆ ಮೇಡಂ. ಅವರೆಕಾಳು ಸಾರಲ್ಲಿ ಎರಡು ಮುದ್ದೆ ಉಂಡ. ಅವರಪ್ಪ ಕೆಮ್ಮಿದ್ರು, ಏಳ್ಲಿಲ್ಲ.”

“ಕೋಳಿಸಾರು ಕೇಳಿದ್ನಾ?”

“ಕೇಳ್ದ. ನಾಳೆಗೆ!”