ಗುರುವಾರ ಕೂರಿಸಿದ ಹಲ್ಲುಗಳು

ಹನ್ನೊಂದನೇ ತಾರೀಖು ಸೋಮವಾರ, ಬೆಳಗ್ಗೆ ಹತ್ತೂವರೆ. ಠಾಣೆಗೆ ಬಂದ ಹೆಂಗಸು ತನ್ನ ತಾಯಿಯ ಮರಣೋತ್ತರ ಪರೀಕ್ಷೆಯ ವರದಿಯನ್ನು ಇನ್‌ಸ್ಪೆಕ್ಟರ ಮುಂದಿಟ್ಟಳು. ಶ್ವಾಸನಾಳದಲ್ಲಿ ಹಲ್ಲಿನ ಕ್ಯಾಪ್ ಸಿಕ್ಕಿಕೊಂಡು ಸಾವು ಎಂದಿತ್ತು.

"ಅಮ್ಮ ಮಧ್ಯಾಹ್ನ ಪೇಪರ್ ಓದ್ತಾ ಕುರ್ಚೀಲೇ ತೂಕಡಿಸಿದ್ರು. ಪಕ್ಕದ ರೂಮಲ್ಲೇ ಇದ್ದೆ ಸಾರ್, ಕೆಮ್ಮಿದ್ದೂ ಕೇಳಿಸ್ಲಿಲ್ಲ."

"ಕ್ಯಾಪ್ ಹಾಕ್ಸಿದ್ದು ಯಾವಾಗ?"

"ಏಳನೇ ತಾರೀಖು. ಎರಡೇ ದಿನ ಇತ್ತು."

ನಿರ್ಲಕ್ಷ್ಯದಿಂದ ಸಾವು ಎಂದು ದಂತವೈದ್ಯನ ಮೇಲೆ ಎಫ್‌ಐಆರ್ ದಾಖಲಾಯಿತು.

ಹನ್ನೆರಡಕ್ಕೆ ಇನ್‌ಸ್ಪೆಕ್ಟರು ಮಹಿಳಾ ಹೆಡ್ ಕಾನ್‌ಸ್ಟೇಬಲ್ ಜತೆ ಕ್ಲಿನಿಕ್ಕಿಗೆ ಹೋದರು. ಕಾಯುವ ಕೋಣೆಯಲ್ಲಿ ಆರು ಜನ ಸಾಲಾಗಿ ಕೂತಿದ್ದರು. ಒಬ್ಬರ ಕರವಸ್ತ್ರದಲ್ಲಿ, ಇನ್ನೊಬ್ಬರ ಬೆಂಕಿಪೊಟ್ಟಣದಲ್ಲಿ, ಮತ್ತೊಬ್ಬರ ಅಂಗೈಯಲ್ಲಿ ಒಂದೊಂದು ಹಲ್ಲು. ಯಾರೂ ಬಾಯಿ ಬಿಡುತ್ತಿರಲಿಲ್ಲ. ಕೇಳಿದರೆ ಎಲ್ಲರದೂ ಒಂದೇ ಉತ್ತರ: ನೋವಿಲ್ಲ, ಸದ್ದಿಲ್ಲ, ಮಾತಾಡುವಾಗ ತಾನಾಗಿ ಕಳಚಿತು. ಒಬ್ಬ ಮುದುಕರಿಗಂತೂ ಎದ್ದಾಗ ದಿಂಬಿನ ಮೇಲೆ ಸಿಕ್ಕಿತ್ತು.

ಡಾಕ್ಟರು ಕೈಗವಸು ಕಳಚಿದರು. "ಕ್ಯಾಪ್ ಅಂಟಿಸೋದು ಅದೇ ಸಿಮೆಂಟು, ಅದೇ ಅಳತೆ ಸಾರ್. ನನ್ನ ಕೈಯಲ್ಲೇ ಏನೋ ಇದೆ ಅಂತ ಜನ ಆಡ್ಕೋತಿದಾರೆ. ಜೈಲಿಗೆ ಹೋದ್ರೆ ನನ್ನ ಕತೆ ಮುಗೀತು."

ಆ ಸಿಮೆಂಟನ್ನು ಕಲಸುವವಳು ಸಹಾಯಕಿ. ಎಲ್ಲರ ಬಾಯಲ್ಲೂ ಅವಳು ಅಕ್ಕ. ಡಾಕ್ಟರ ತಂದೆಯ ಕಾಲದಿಂದ ಇಪ್ಪತ್ತೆರಡು ವರ್ಷ, ತಣ್ಣಗಿನ ಗಾಜಿನ ಹಲಗೆಯ ಮೇಲೆ ಪುಡಿ ಮತ್ತು ದ್ರಾವಣ ಕಲಸುತ್ತ ಬಂದವಳು. ಈಗಲೂ ತಲೆಯೆತ್ತದೆ ಆ ಹಲಗೆಯನ್ನೇ ಒರೆಸುತ್ತಿದ್ದಳು.

ಹೆಡ್ ಕಾನ್‌ಸ್ಟೇಬಲ್ ಒಂದೇ ಸಮನೆ ನಾಲಗೆಯಿಂದ ದವಡೆ ತಡವುತ್ತಿದ್ದಳು.

"ನಿಮ್ದೂ ಇಲ್ಲೇ ಹಾಕ್ಸಿದ್ದಾ?"

"ಹೂಂ ಸಾರ್. ಹೋದ ತಿಂಗಳು."

"ಹಾಗಾದ್ರೆ ಬಾಯಿ ಮುಚ್ಕೊಂಡೇ ಪಂಚನಾಮೆ ಬರೀರಿ."

ರೋಗಿಗಳ ಪುಸ್ತಕ ತಿರುವಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಕಳಚಿದ ಕ್ಯಾಪುಗಳೆಲ್ಲ ಗುರುವಾರ ಕೂರಿಸಿದವು. ಗುರುವಾರ ಅಕ್ಕನಿಗೆ ರಜೆ. ಅಂದು ಡಾಕ್ಟರೇ ಸಿಮೆಂಟು ಕಲಸುತ್ತಾರೆ.

ಆದರೆ ಹಿಂದಿನ ಕೋಣೆಯಲ್ಲಿ ಹಳೇ ಸೀಸೆ ಹಾಕುವ ಡಬ್ಬದಲ್ಲಿ ಐದು ಪುಡಿಯ ಸೀಸೆಗಳು ಸಿಕ್ಕವು. ಒಂದರಲ್ಲೂ ಕಾಲುಭಾಗಕ್ಕಿಂತ ಹೆಚ್ಚು ಖಾಲಿಯಾಗಿರಲಿಲ್ಲ. ಸೀಸೆ ತೆರೆದ ದಿನವನ್ನು ಚೀಟಿಯಲ್ಲಿ ಬರೆದು ಅಂಟಿಸುವುದು ಅಕ್ಕ ಒಮ್ಮೆಯೂ ತಪ್ಪಿಸದ ಪದ್ಧತಿ. ಐದೂ ಚೀಟಿಗಳಲ್ಲಿ ದುಂಡಗಿನ ಅವಳ ಅಕ್ಷರ, ಐದೂ ಶುಕ್ರವಾರ. ಪ್ರತಿ ಶುಕ್ರವಾರ ಮುಕ್ಕಾಲು ತುಂಬಿದ ಸೀಸೆ ಎಸೆದು ಹೊಸದು ತೆರೆಯುವುದೇಕೆ? ಹಳೆಯದು ಕೆಟ್ಟಿದೆ ಎಂದು ಗೊತ್ತಿದ್ದವರು ಮಾತ್ರ ಹಾಗೆ ಮಾಡಿಯಾರು.

ಹದಿನೆಂಟರಂದು ಪ್ರಯೋಗಾಲಯದ ವರದಿ ಬಂತು: ಪುಡಿ ತೇವ ಹೀರಿದೆ, ಅದರಿಂದ ಮಾಡಿದ ಸಿಮೆಂಟು ಉಗುರು ತಾಗಿದರೇ ಉದುರುತ್ತದೆ.

ಮರುದಿನ ಮಧ್ಯಾಹ್ನ ಮೂರಕ್ಕೆ ಅಕ್ಕನನ್ನು ಠಾಣೆಗೆ ಕರೆಸಿದರು.

"ಸೀಸೆ ಎಲ್ಲಿ ತೆರೆದಿಡ್ತಿದ್ರಿ?"

"ಉಪಕರಣ ಕುದಿಸೋ ಪಾತ್ರೆ ಪಕ್ಕ. ಬುಧವಾರ ಸಂಜೆ, ಹಬೆ ಏಳೋವಾಗ. ಒಂದು ಗಂಟೆ ಸಾಕು. ನೋಡಿದ್ರೆ ಏನೂ ಗೊತ್ತಾಗಲ್ಲ."

"ಯಾಕೆ?"

"ಎತ್ತಿ ಆಡಿಸಿದ ಹುಡುಗ ಸಾರ್ ಅವನು. ಕಲಸೋ ಮೆಷಿನ್ ಬರುತ್ತೆ, ಬಂದ್ಮೇಲೆ ನೀವು ಬೇಡ ಅಂದ. ಪುಡಿ ಕಲಸೋದೇನ್ ಮಹಾ ವಿದ್ಯೆ ಅಂದ, ಪೇಷೆಂಟ್‌ಗಳ ಮುಂದೇನೇ. ನಾನಿಲ್ದಿದ್ರೆ ಏನಾಗುತ್ತೆ ಅಂತ ಗೊತ್ತಾಗ್ಲಿ ಅನ್ಕೊಂಡೆ. ಬಿದ್ದ ಹಲ್ಲು ಹಿಡ್ಕೊಂಡು ಬರ್ತಾರೆ, ಮತ್ತೆ ಕೂರಿಸಿದ್ರಾಯ್ತು ಅಂತ. ಆ ಅಮ್ಮನೂ ಬರ್ತಾರೆ ಅಂತ ಕಾಯ್ತಾನೇ ಇದ್ದೆ."

ನಾಲ್ಕು ನಲವತ್ತಕ್ಕೆ ಬಂಧನದ ಕಾಗದಕ್ಕೆ ಸಹಿಯಾಯಿತು.

ಜೀಪಿನ ಬಳಿ ಹೆಡ್ ಕಾನ್‌ಸ್ಟೇಬಲ್ ಮತ್ತೆ ನಾಲಗೆಯಿಂದ ದವಡೆ ತಡವಿದಳು. ಅಕ್ಕ ಅದನ್ನು ಗಮನಿಸಿದಳು.

"ಮುಟ್ಟಿ ಮುಟ್ಟಿ ನೋಡ್ಬೇಡಮ್ಮ," ಎಂದಳು ಮೆಲ್ಲಗೆ. "ನಿಂದು ಮಂಗಳವಾರದ್ದು. ಬೀಳಲ್ಲ. ಅದನ್ನ ಕಲಸಿದ್ದು ನಾನು."

ಆ ಹಲ್ಲು ಇವತ್ತಿಗೂ ಅಲುಗಿಲ್ಲ. ಹೆಡ್ ಕಾನ್‌ಸ್ಟೇಬಲ್ ಮಾತ್ರ ಆ ಬದಿಯಲ್ಲಿ ಅಗಿಯುವುದನ್ನು ಬಿಟ್ಟಿದ್ದಾಳೆ.