ಸೂರಿನ ಕೆಳಗೆ ಮಲಗದವನು

ಬೆಟ್ಟಗಳಿಗಿನ್ನೂ ಹೆಸರಿಡದಿದ್ದ ಕಾಲದಲ್ಲಿ ಕೆಂಗಲ್ಲು ಎಂಬ ರಾಜ್ಯವಿತ್ತು. ಅಲ್ಲೊಂದು ಕಟ್ಟಳೆಯಿತ್ತು: ಸೂರು ರಿಪೇರಿ ಮಾಡಿದವನು ಮುಂದಿನ ಮಳೆಗೆ ಅದೇ ಸೂರಿನ ಕೆಳಗೆ ಮಲಗಬೇಕು. ಸೋರಿದರೆ ಅವನ ಮೂಗಿನ ಮೇಲೇ ಸೋರಲಿ.

ಧೂಮಕೇಶಿ ಎಂಬ ಮಾಯಾವಿ ಆ ಕಟ್ಟಳೆಯನ್ನು ಅಳಿಸಿಹಾಕಿಸಿದ. "ನನ್ನಂಥವನು ಕಂಡಕಂಡವರ ಮನೆಯಲ್ಲಿ ಚಾಪೆ ಹಾಸಲೇ?" ಎಂದ. ರಾಜ ತಲೆಯಾಡಿಸಿ, ಇನ್ನು ಸೂರು ರಿಪೇರಿ ಇವನೊಬ್ಬನದೇ ಎಂದು ಅವನ ಕೈಗೆ ರಾಜಮುದ್ರೆ ಕೊಟ್ಟ. ಅರಮನೆ ಸೋರುತ್ತಿರಲಿಲ್ಲವಲ್ಲ.

ಧೂಮಕೇಶಿ ಕೋಲು ಬೀಸಿದರೆ ಹೆಂಚುಗಳು ಹೊಸವುಗಳಂತೆ ಹೊಳೆಯುತ್ತಿದ್ದವು. ಮಳೆ ಬಂದರೆ ಮತ್ತೆ ಸೋರುತ್ತಿದ್ದವು. ಆ ಹನಿ ಯಾರ ಮೇಲೆ ಬಿತ್ತೋ ಅವರ ನಿದ್ದೆ ಹೋಗಿ ಅವನ ಹೊಟ್ಟೆ ಸೇರುತ್ತಿತ್ತು. ಅದನ್ನುಂಡೇ ಅವನು ಮುಪ್ಪಿಲ್ಲದೆ ಬದುಕಿದ್ದ. ಜನಕ್ಕೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಅವನನ್ನೇ ಕರೆದರು. ಮುದ್ರೆ ಇದ್ದದ್ದು ಅವನ ಬಳಿ.

ನೇಯ್ಗೆಯ ಸಂಕವ್ವ ಮಾತ್ರ ಕರೆಯಲಿಲ್ಲ. ಮಗಳು ಗಂಗಿಗೆ ದಿನ ತುಂಬಿತ್ತು. ನಿದ್ದೆ ಕಳೆದುಕೊಂಡ ಹಸುಗೂಸು ಬದುಕುವುದಿಲ್ಲ. ಸಂಕವ್ವ ನಡುಮಧ್ಯಾಹ್ನ ಬಾಗಿಲು ಕಿಟಕಿ ಮುಚ್ಚಿ ಕತ್ತಲಲ್ಲಿ ಕೂತು ಮೇಲೆ ನೋಡಿದಳು. ಬೆಳಕು ಚುಕ್ಕಿಚುಕ್ಕಿಯಾಗಿ ಇಣುಕಿತು. ತೊಲೆಗೆ ದಬ್ಬಳ ಚುಚ್ಚಿದಳು. ಮುದ್ದೆಗೆ ಇಳಿದಂತೆ ಇಳಿಯಿತು.

ಮೊದಲು ಬಂದದ್ದು ಮಾಯಾವಿಯ ನರಿ, ತಲೆಗೆ ರುಮಾಲು ಸುತ್ತಿಕೊಂಡು.

"ಸಂಕವ್ವಾ, ನಿನ್ನ ಸೂರು ಕೆಟ್ಟಿದೆ. ದಾರಿಯಿಂದಲೇ ಕಂಡಿತು. ನಮ್ಮ ಸ್ವಾಮಿಯನ್ನು ಕರೆಸು."

"ಹತ್ತಿ ನೋಡಿದೆಯಾ?"

"ಹತ್ತೋದ್ಯಾಕೆ, ನನ್ನ ಕಣ್ಣು ಚುರುಕು."

"ಮಳೆಗೆ ಇಲ್ಲಿ ಮಲಗ್ತೀಯಾ?"

ನರಿ ಬಾಲ ಮುದುರಿಕೊಂಡು ಹೋಯಿತು.

ಆಮೇಲೆ ಮಾಯಾವಿಯ ಹದ್ದು ಬಂತು. ಸೂರಿನ ಮೇಲಿಳಿದು, ಕಟಕಟ ಸದ್ದು ಮಾಡಿ, ಒಡೆದ ಹೆಂಚೊಂದನ್ನು ಕೊಕ್ಕಿನಲ್ಲಿ ತಂದು ಹಾಕಿತು. "ನೋಡು, ಎಲ್ಲವೂ ಹೀಗೇ ಇವೆ."

ಸಂಕವ್ವ ಒಡಕನ್ನು ಬೆರಳಲ್ಲಿ ಸವರಿದಳು. "ಹಳೇ ಒಡಕಿಗೆ ಪಾಚಿ ಹಿಡಿದಿರುತ್ತೆ. ಇದು ಕೆಂಪಗಿದೆ, ಈಗ ಮುರಿದದ್ದು. ಮಳೆಗೆ ಇಲ್ಲಿ ಮಲಗ್ತೀಯಾ?"

ಹದ್ದು ಹಾರಿಹೋಯಿತು.

ಕೊನೆಗೆ ಧೂಮಕೇಶಿಯೇ ಬಂದ. ಕೇಳದೆಯೇ ಕೋಲು ಬೀಸಿದ. ಸೂರು ಥಳಥಳಿಸಿತು. ನೋಡಲು ಬೀದಿಯೇ ನೆರೆಯಿತು.

ಸಂಕವ್ವ ಒಳಗೆ ಹೋಗಿ ತೊಲೆಗೆ ಮತ್ತೆ ದಬ್ಬಳ ಚುಚ್ಚಿದಳು. ಮತ್ತೆ ಇಳಿಯಿತು. "ಮೇಲೆ ಹೊಳಪು, ಒಳಗೆ ಅದೇ ಹುಳುಕು. ಮಳೆಗೆ ಇಲ್ಲಿ ಮಲಗ್ತೀರಾ ಸ್ವಾಮಿ?"

"ಆ ಕಟ್ಟಳೆ ರದ್ದಾಗಿದೆ, ಮುದುಕಿ."

"ಅರಮನೆಯಲ್ಲಿ ರದ್ದಾಗಿರಬಹುದು. ಇದು ನನ್ನ ಮನೆ."

ಪಕ್ಕದ ಮನೆಯ ಕುಂಟ ಈರಣ್ಣ, "ಮಲಗ್ರೀ ಸ್ವಾಮಿ, ಚಾಪೆ ನಾನು ಕೊಡ್ತೀನಿ" ಎಂದ. ಜನ ನಕ್ಕರು. ಮಾಯಾವಿಯೆದುರು ನಕ್ಕದ್ದು ಅದೇ ಮೊದಲು.

ಧೂಮಕೇಶಿ ಆಕಾಶ ನೋಡಿದ. ಒಂದು ಮೋಡವೂ ಇರಲಿಲ್ಲ. ಹುಟ್ಟಲಿರುವ ಕೂಸಿನ ನಿದ್ದೆಯ ಆಸೆಯೂ ಇತ್ತು. ಒಂದು ಗಳಿಗೆ ಮಲಗಿ ಎದ್ದರಾಯಿತು ಎಂದು ಚಾಪೆಯ ಮೇಲೆ ಬೆನ್ನು ಹಾಕಿದ. ಆದರೆ ಅವನೊಳಗೆ ಊರಿಡೀ ಜನರ ನಿದ್ದೆ ತುಂಬಿತ್ತು. ಬೆನ್ನು ನೆಲಕ್ಕೆ ತಾಗಿದ್ದೇ ರೆಪ್ಪೆ ಮುಚ್ಚಿತು.

ಸಂಜೆಗೆ ಮೋಡ ಕಟ್ಟಿತು. ಮಳೆ ಯಾರ ಮುದ್ರೆಗೂ ಕಾಯುವುದಿಲ್ಲ. ತೊಲೆಗುಂಟ ಜಾರಿ ಬಂದ ಹನಿಯೊಂದು ಅವನ ಮೂಗಿನ ಮೇಲೆ ಬಿತ್ತು. ಅವನ ಮಾಯೆ ಅವನಿಗೇ ತಗುಲಿ, ಕದ್ದ ನಿದ್ದೆಯೆಲ್ಲ ಹೊರಬಂದು ಬೀದಿಗೆ ಹರಿಯಿತು. ಈರಣ್ಣ ನಿಂತಲ್ಲೇ ಆಕಳಿಸಿದ. ಚಾಪೆಯ ಮೇಲೆ ಉಳಿದದ್ದು ಒಂದು ಒಣ ಸೋರೆಬುರುಡೆ. ನರಿ, ಹದ್ದು ಕಾಡು ಸೇರಿದವು.

ಅವನ ಮಾಯೆ ಅಳಿದದ್ದೇ ಅರಮನೆಯೂ ಸೋರಿತು. ರಾಜ ಒದ್ದೆ ಕಿರೀಟದಲ್ಲಿ ಓಡಿಬಂದ. "ಮೊದಲು ಕಟ್ಟಳೆ ವಾಪಸ್ ಕೊಡಿ, ಆಮೇಲೆ ಮಾತು" ಎಂದಿತು ಜನ. ಕೊಟ್ಟ.

ಮಳೆ ಬಿಟ್ಟಾಗ ಸಂಕವ್ವ ಹೆಂಚಿನ ಕೆಲಸದ ಮಾಚಯ್ಯನನ್ನು ಕರೆದಳು. ಅವನನ್ನೂ ನಂಬಲಿಲ್ಲ.

"ಎಷ್ಟು ಕೆಟ್ಟಿದೆ?"

"ಹತ್ತಿ ನೋಡದೆ ಹೇಳಲ್ಲ ಅಕ್ಕಾ."

ಹತ್ತಿದ. ಹುಳುಕು ತೊಲೆ ಕಿತ್ತು ಬೇರೆ ಕೂರಿಸಿದ, ಒಡೆದ ಹೆಂಚು ಬದಲಿಸಿದ. ಇಳಿದು ಬಂದು, ಕೇಳುವ ಮೊದಲೇ ಚಾಪೆ ಬಿಡಿಸಿದ. ಮಳೆ ಸುರಿಯಿತು. ಗಂಗಿ ಹೆತ್ತಳು. ಒಳಗೆ ಕೂಸು ಮಲಗಿತು, ಪಡಸಾಲೆಯಲ್ಲಿ ಮಾಚಯ್ಯ ಗೊರಕೆ ಹೊಡೆದ, ಕೆಂಗಲ್ಲಿನ ಜನರೆಲ್ಲ ಸುಖವಾಗಿ ನಿದ್ದೆಹೋದರು.

ಆದರೂ ಮಾರನೆಯ ಮಧ್ಯಾಹ್ನ ಸಂಕವ್ವ ಬಾಗಿಲು ಕಿಟಕಿ ಮುಚ್ಚಿ, ಕತ್ತಲಲ್ಲಿ ಕೂತು ಮೇಲೆ ನೋಡಿದಳು. ಒಂದು ಚುಕ್ಕಿಯೂ ಕಾಣಲಿಲ್ಲ. ಆಗ ಅವಳೂ ಮಲಗಿದಳು.