ಕಂಪ್ಯೂಟರ್ ಬಾರದ ಗಿರಾಕಿ

ಮಂಗಳವಾರ ಬೆಳಿಗ್ಗೆ 10.20ಕ್ಕೆ ಒಬ್ಬ ತಾಯಿ ಠಾಣೆಗೆ ಬಂದರು. ಮಕ್ಕಳ ಅಶ್ಲೀಲ ಚಿತ್ರ ಮಾರುವ ಜಾಲತಾಣವೊಂದರಲ್ಲಿ ಅವರ ಹನ್ನೊಂದು ವರ್ಷದ ಮಗಳ ಚಿತ್ರಗಳೂ ಮಾರಾಟಕ್ಕಿದ್ದವು. ಹುಡುಗಿ ಶಾಲೆ ಬಿಟ್ಟು ಮನೆಯೊಳಗೆ ಕೂತಿದ್ದಳು. 10.50ಕ್ಕೆ ಎಫ್‌ಐಆರ್ ಆಯಿತು.

"ಅವನು ಸಿಗ್ತಾನಾ ಸಾರ್?"

"ಹಿಡೀತೀವಿ ಅಮ್ಮ," ಎಂದುಬಿಟ್ಟರು ಇನ್‌ಸ್ಪೆಕ್ಟರ್. ಹೇಗೆ ಎಂಬುದು ಅವರಿಗೂ ಗೊತ್ತಿರಲಿಲ್ಲ.

ಸೈಬರ್ ವಿಭಾಗದ ಚುರುಕಿನ ಪೇದೆ ಗಿರಾಕಿಯ ಸೋಗು ಹಾಕಿ ಮಾರುವವನಿಗೆ ಮೆಸೇಜು ಕಳಿಸಿದ. ಎರಡೇ ದಿನಕ್ಕೆ ಜಾಣತನ ಹೆಚ್ಚಾಗಿ ಏನೇನೋ ತಾಂತ್ರಿಕ ಪ್ರಶ್ನೆ ಕೇಳಿದ. ಆಸಾಮಿ ಅನುಮಾನಗೊಂಡು ಬಾಯಿ ಮುಚ್ಚಿಕೊಂಡ.

ಶುಕ್ರವಾರ ಬೇರೆ ಯಾರಿಗೂ ಬಿಡುವಿಲ್ಲದೆ, ಹೊಸ ಗಿರಾಕಿಯಾಗಿ ಹಿರಿಯ ದಫೇದಾರರನ್ನು ಕೂರಿಸಿದರು. ಮೊಬೈಲಿಗೆ ಬಂದ ಮೆಸೇಜನ್ನೂ ಹೆಂಡತಿಯಿಂದ ಓದಿಸಿಕೊಳ್ಳುವ ಮನುಷ್ಯ. ನಟನೆಯ ಅಗತ್ಯವೇ ಬೀಳಲಿಲ್ಲ. "ಪೇಜು ತೆರೀತಿಲ್ಲ," ಎಂದು ಕುಟ್ಟಿದರು. ಎಡಗಡೆಯ ಬಟನ್ ಒತ್ತಿ ಎಂದು ಉತ್ತರ ಬಂತು. "ನನ್ನ ಎಡಗಡೆನೋ, ನಿಮ್ಮ ಎಡಗಡೆನೋ?"

ಅವನು ಮೂರು ದಿನ ಬಾಣದ ಗುರುತು ಹಾಕಿ ಚಿತ್ರ ಬಿಡಿಸಿ ಕಳಿಸಿದ. ದಫೇದಾರರು ಮೂರು ದಿನವೂ ಪ್ರಾಮಾಣಿಕವಾಗಿ ತಪ್ಪು ಬಟನ್ನೇ ಒತ್ತಿದರು. ಸೋಮವಾರ 11.15ಕ್ಕೆ ಆಸಾಮಿಯ ತಾಳ್ಮೆ ಕೆಟ್ಟಿತು. ನಂಬರು ಕೇಳಿ, ಎಚ್ಚರ ತಪ್ಪಿ, ಸ್ವಂತ ಫೋನಿನಿಂದಲೇ ಕರೆ ಮಾಡಿದ.

"ರೀ, ನಾನು ಹೇಳಿದ್ದಷ್ಟೇ ಒತ್ತಿ."

ಮಾತು ಎಳೆಯಿರಿ ಎಂದು ಇನ್‌ಸ್ಪೆಕ್ಟರ್ ಕೈಸನ್ನೆ ಮಾಡಿದರು. ಎಳೆಯಬೇಕಾಗಿಯೇ ಇರಲಿಲ್ಲ, ಪಾಠ ನಲವತ್ತು ನಿಮಿಷ ನಡೆಯಿತು. ಅಷ್ಟರಲ್ಲಿ ವಿಳಾಸ ಸಿಕ್ಕಿತು.

ಮಧ್ಯಾಹ್ನ 3.40ಕ್ಕೆ, ಮುಖ್ಯರಸ್ತೆಯ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆದು ಮಾಲೀಕನ ಬಂಧನವಾಯಿತು. ದಫೇದಾರರ ದನಿ ಕೇಳಿ ಅವನು ತಿರುಗಿ ನೋಡಿದ.

"ಅದು ನೀವೇನಾ?"

"ಹೌದಪ್ಪ. ಪೇಜು ಇನ್ನೂ ತೆರೆದಿಲ್ಲ."

ಪಂಚರೂ ನಕ್ಕರು.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಕೇಳಿದರು. "ಯಾಕೆ ಮಾಡ್ದೆ?"

"ಅಂಗಡೀಲಿ ಯಾರೂ ಮುಖ ಕೊಟ್ಟು ಮಾತಾಡಲ್ಲ ಸಾರ್. ಆ ಸೈಟಲ್ಲಿ ಎಲ್ರೂ ಥ್ಯಾಂಕ್ಸ್ ಅಂತಿದ್ರು."

"ಮಕ್ಕಳು?"

"ಯಾವ ಮಕ್ಕಳು ಸಾರ್? ನನ್ನ ಹತ್ರ ಇದ್ದದ್ದು ಬರೀ ಫೈಲು."

ಹೇಳಿಕೆ ಬರೆದುಕೊಳ್ಳುತ್ತಿದ್ದ ದಫೇದಾರರ ಕೈ ನಿಂತಿತು. ಕಡತದಲ್ಲಿದ್ದ ಮೆಸೇಜುಗಳ ಪ್ರತಿಯಲ್ಲಿ ಬಟನ್ ತೋರಿಸಿದ್ದಕ್ಕೆ ತಾವೇ ಅವನಿಗೆ ಬರೆದ ಥ್ಯಾಂಕ್ಸುಗಳೂ ಹದಿನಾಲ್ಕಿದ್ದವು. ಹೇಳಿಕೆ ಮುಗಿಸಿ, ಕಡತ ಮುಚ್ಚಿ ಎದ್ದರು.

ಹೊರಗೆ ಬೆಂಚಿನಲ್ಲಿ ಕಾಯುತ್ತಿದ್ದ ತಾಯಿ ಎದ್ದು ನಿಂತರು.

"ತುಂಬಾ ಥ್ಯಾಂಕ್ಸ್ ಸಾರ್."

"ಆ ಮಾತು ಬೇಡಮ್ಮ," ಎಂದರು ದಫೇದಾರರು. "ಕೊಂಡುಕೊಂಡೋರ ಪಟ್ಟಿ ಸಿಕ್ಕಿದೆ. ಅವರಿನ್ನೂ ಹೊರಗಿದಾರೆ."